ಗಾಳಿ ಯಜಮಾನರು

ಮಲಗಲು ಮಂಚ, ಅಡುಗೆಗೆ ಒಲೆ, ಕೈತೊಳೆಯಲು ಬೇಸಿನ್ ಎಲ್ಲಾ ಇರುವ ಮನೆವ್ಯಾನ್ ಕೊಂಡಂದಿನಿಂದ ಯಜಮಾನರಿಗೆ ಟೈರುಗಳೇ ಮಕ್ಕಳು. ಬೆಳಿಗ್ಗೆ ಎದ್ದವರೇ ಒಂದೊಂದರ ಬೆನ್ನು ಸವರಿ, ಪ್ರೆಶರ್ ಮೀಟರ್ ಚುಚ್ಚಿ, ಯೋಗಕ್ಷೇಮ ವಿಚಾರಿಸುತ್ತಿದ್ದರು. (ಜ್ವರ ಬಂದಾಗ ತನ್ನ ಹಣೆ ಮುಟ್ಟಿದ್ದು ಮಾತ್ರ ಹೆಂಡತಿಗೆ ನೆನಪಿಲ್ಲ.)

"ಗಾಳಿ ಕಮ್ಮಿಯಾದ್ರೆ ಟೈರಿನ ಅಂಚು ಸವೆಯುತ್ತೆ, ಹೆಚ್ಚಾದ್ರೆ ನಡು ಸವೆಯುತ್ತೆ. ಗೊತ್ತಾ?"

"ಕೇಳಿ ಕೇಳಿ ನನ್ನ ಕಿವಿ ಅಂಚೂ ಸವೆದಿದೆ, ನಡೂನೂ ಸವೆದಿದೆ."

ಅಂದು ಕೆರೆದಂಡೆಯಲ್ಲಿ ಆಕೆಯ ತಂಗಿ ಕಾಯುತ್ತಿದ್ದಳು. ಅಕ್ಕತಂಗಿ ಇಬ್ಬರೂ ಒಟ್ಟಿಗೆ ದೋಣಿಯಲ್ಲಿ ಕೂರಬೇಕೆಂಬುದು ಎಷ್ಟೋ ವರ್ಷದ ಆಸೆ; ಕತ್ತಲಾಗುವ ಮುಂಚೆ ತಲುಪಬೇಕಿತ್ತು.

ವ್ಯಾನ್ ಹೊರಟಿತು. ಸ್ವಲ್ಪ ದೂರ ಹೋದದ್ದೇ ಯಜಮಾನರು ಇಳಿದು ಮೀಟರ್ ಚುಚ್ಚಿದರು. "ಅಯ್ಯಯ್ಯೋ, ಏರಿಬಿಟ್ಟಿದೆ!" ಪುಸ್ಸ್! ಗಾಳಿ ಬಿಟ್ಟು, ಟೀ ಕುಡಿದು ಬಂದು ಮತ್ತೆ ಚುಚ್ಚಿದರು. "ಅಯ್ಯಯ್ಯೋ, ಇಳಿದುಬಿಟ್ಟಿದೆ!" ವ್ಯಾನ್ ತಿರುಗಿಸಿ ಬಂಕಿಗೆ. ತುಂಬಿಸಿ ಹೊರಟರೆ ಮತ್ತೆ ಏರಿಕೆ, ಮತ್ತೆ ಪುಸ್ಸ್, ಮತ್ತೆ ಇಳಿಕೆ, ಮತ್ತೆ ಬಂಕು.

"ಊಟಾನೂ ಇಲ್ಲೇ ಮುಗಿಸಿ ಸಾರ್," ಎಂದ ಬಂಕಿನಲ್ಲಿ ಗಾಳಿ ತುಂಬುವವನು.

ಅಷ್ಟರಲ್ಲಿ ನಾದಿನಿಯ ಫೋನು. "ಭಾವ, ಎಲ್ಲಿದ್ದೀರಿ?"

"ಬಂದೇ ಬಿಟ್ವಮ್ಮ!" ಎಂದರು, ತಮ್ಮದೇ ಮನೆಯ ಮಹಡಿ ಕಾಣುವಷ್ಟು ದೂರದಲ್ಲಿ ನಿಂತು.

ಹೆಂಡತಿ ಸೆರಗು ಬಿಗಿದು ಇಳಿದಳು. "ಓಡಿದ್ರೆ ಟೈರು ಬಿಸಿಯಾಗಲ್ವೇನ್ರೀ? ಬಿಸಿಯಾದ್ರೆ ಏರಲ್ವಾ? ನೀವು ಮಹಡಿ ಹತ್ತಿ ಏದುಸಿರು ಬಿಡೋವಾಗ ಬಿ.ಪಿ. ನೋಡಿ, ಏರಿದೆ ಅಂತ ಡಾಕ್ಟ್ರು ರಕ್ತ ಚೆಲ್ಲಿಬಿಟ್ರೆ? ತಣ್ಣಗಾದ ಮೇಲೆ ಒಂದೇ ಸಲ ಸರಿಯಾಗಿ ತುಂಬಿಸಿ. ಆಮೇಲೆ ಮುಟ್ಟಿದ್ರೆ ನೋಡಿ!"

ಟೈರು ತಣ್ಣಗಾಯಿತು, ಗಾಳಿ ತುಂಬಿತು, ಮೀಟರ್ ಆಕೆಯ ಕೈಚೀಲ ಸೇರಿತು. ವ್ಯಾನ್ ಎಲ್ಲೂ ನಿಲ್ಲದೆ ಓಡಿತು.

ದಂಡೆಯ ಮೇಲೆ ನಾದಿನಿ ಗಾಳಿ ತುಂಬುವ ರಬ್ಬರ್ ದೋಣಿಯನ್ನು ಚಾಪೆಯಂತೆ ಹಾಸಿಕೊಂಡು ಕೂತಿದ್ದಳು. "ಪಂಪು ಮರೆತು ಬಂದೆ ಭಾವ, ಬಾಯಲ್ಲೇ ಊದ್ಬೇಕು. ಗಾಳಿ ವಿಷಯದಲ್ಲಿ ನಿಮ್ಮಷ್ಟು ಬಲ್ಲೋರು ಯಾರಿದ್ದಾರೆ!"

ಯಜಮಾನರು ಉಬ್ಬಿಹೋದರು. (ದೋಣಿ ಉಬ್ಬಲಿಲ್ಲ.) ಊದಿದರು, ಊದಿದರು; ಕೆನ್ನೆ ಬೆಲೂನಾಯಿತು, ಕಣ್ಣು ಹೊರಬಂತು. ಹೆಂಡತಿ ಹೆಬ್ಬೆರಳಿನಿಂದ ದೋಣಿ ಒತ್ತಿ, "ಅಂಚಲ್ಲಿ ಕಮ್ಮಿ ಇದೇರಿ, ಊದಿ," ಎಂದಳು.

ಕೊನೆಗೂ ದೋಣಿ ನೀರಿಗಿಳಿಯಿತು. ಅಕ್ಕತಂಗಿಯರು ಕಿಲಕಿಲ ನಗುತ್ತ ಹುಟ್ಟು ಹಾಕಿದರು. ಇನ್ನೂ ಸಂಜೆಯ ಬಿಸಿಲಿತ್ತು.

"ಅಕ್ಕಾ, ಭಾವನ್ನೂ ಹತ್ತಿಸ್ಕೊಳ್ಳೋಣ್ವಾ?"

ದಂಡೆಯ ಮೇಲೆ ಕೆಂಪಗಾಗಿ, ಕಾಲು ಚಾಚಿ ಬಿದ್ದಿದ್ದ ಗಂಡನತ್ತ ಆಕೆ ನೋಡಿದಳು.

"ಈಗ ಮುಟ್ಬೇಡ ಕಣೇ, ಬಿಸಿಯಾಗಿದ್ದಾರೆ. ತಣ್ಣಗಾಗ್ಲಿ!"