ಎಲೆ ಕದಿಯುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಕಳ್ಳರು. ಗಾಬರಿಯಾಗಬೇಡಿ, ಪೊಲೀಸರಿಗೆ ಹೇಳುವಂಥದ್ದಲ್ಲ. ತೊಂಬತ್ತರ ದಶಕದ ಜಯನಗರದಲ್ಲಿ ಬೆಳಗ್ಗೆ ವಾಕಿಂಗ್ ಹೊರಟ ಗೃಹಸ್ಥರೆಲ್ಲ ಕಂಡವರ ಕಾಂಪೌಂಡಿನ ದಾಸವಾಳ ಕಿತ್ತು ಪೂಜೆಗೆ ಒಯ್ಯುತ್ತಿದ್ದರು. ಅದು ಕಳ್ಳತನವೇ? ದೇವರೇ ಪಾಲುದಾರನಾದ ಮೇಲೆ ಕೇಳುವವರಾರು! ಆದರೆ ಚಿಕ್ಕಪ್ಪ ಹೂವು ಬಿಟ್ಟು ಎಲೆ ಕೀಳುತ್ತಿದ್ದರು. ಅದನ್ನು ಮಾತ್ರ ಯಾರಿಗೂ ಸಹಿಸಲಾಗುತ್ತಿರಲಿಲ್ಲ.

"ಹೂ ಕಿತ್ಕೊಳ್ಳಿ ಸಾರ್, ಬೇಡ ಅನ್ನಲ್ಲ. ಎಲೆ ಯಾವ ದೇವ್ರಿಗೆ?" ಎಂದು ಒಬ್ಬರು ಗೇಟಿನಲ್ಲೇ ತಡೆದರು.

"ಬ್ಯಾಕ್ಟೀರಿಯಾಗೆ," ಎಂದ ಚಿಕ್ಕಪ್ಪ ಅಷ್ಟರಲ್ಲಿ ಪಕ್ಕದ ಮನೆಯ ಸೀಬೆ ಗಿಡದ ಕೆಳಗಿದ್ದರು.

ಅವರು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವವರು. ಕೂತಲ್ಲಿ ಕೂರುವವರಲ್ಲ. ಜನ ನೆಗಡಿಗೂ ಆಂಟಿಬಯೋಟಿಕ್ ನುಂಗುತ್ತಾರೆ, ಔಷಧಿಗೆ ಬಗ್ಗದ ಕ್ರಿಮಿಗಳು ಹುಟ್ಟಿಕೊಳ್ಳುತ್ತಿವೆ, ನಾಳೆ ಗತಿಯೇನು ಎಂಬ ಚಿಂತೆ ಅವರನ್ನು ಊಟದ ಮಧ್ಯೆಯೂ ಎಬ್ಬಿಸಿಬಿಡುತ್ತಿತ್ತು. ಲ್ಯಾಬಿನಲ್ಲಿ ಕ್ರಿಮಿ ಹರಡಿದ ಗಾಜಿನ ತಟ್ಟೆಯ ಮೇಲೆ ಎಲೆಯ ರಸದಲ್ಲಿ ಅದ್ದಿದ ಕಾಗದದ ಚೂರು ಇಡುವುದು. ಅದರ ಸುತ್ತ ಕ್ರಿಮಿ ಬೆಳೆಯದೆ ಖಾಲಿ ಜಾಗ ಉಳಿದರೆ ಗೆದ್ದಂತೆ. ಒಂದು ಸಂಜೆ "ಒಳ್ಳೇ ಖಾಲಿ ಜಾಗ ಸಿಕ್ತು ಕಣೇ" ಎಂದು ಬೀದಿಯಿಂದಲೇ ಚಿಕ್ಕಮ್ಮನನ್ನು ಕೂಗುತ್ತ ಬಂದರು. ಪಕ್ಕದ ಮನೆಯವರು ಹಿಂದೆಯೇ ಓಡಿಬಂದರು.

"ಗೊಟ್ಟಿಗೆರೆ ಕಡೇನಾ ಸಾರ್? ಸೈಟ್ ಎಷ್ಟು ಬೈ ಎಷ್ಟು?"

ಚಿಕ್ಕಪ್ಪ ಜೇಬಿನಿಂದ ಸ್ಕೇಲ್ ತೆಗೆದು ತೋರಿಸಿದರು. "ಹದಿನಾರು ಮಿಲಿಮೀಟರ್."

ಎಲೆ ಅರೆಯುವುದು ಮಾತ್ರ ಮನೆಯ ಮಿಕ್ಸಿಯಲ್ಲೇ. ಇಟ್ಟಮಡುವಿನ ನೆಂಟರು ಚಿಕ್ಕಮ್ಮನ ಇಡ್ಲಿಗೆ ಚಟ್ನಿ ಹಚ್ಚಿಕೊಂಡು ಮುಖ ಕಿವುಚಿದಾಗ ಚಿಕ್ಕಪ್ಪ, "ಬೇವು ಸ್ವಲ್ಪ ಉಳ್ಕೊಂಡಿರ್ಬೇಕು. ಯುಗಾದಿ ಅಂದ್ಕೊಂಡು ತಿನ್ನಿ," ಎಂದು ಸಮಾಧಾನ ಹೇಳಿ ಎದ್ದುಹೋದರು. ಚಿಕ್ಕಮ್ಮ ಮರುದಿನವೇ ಇನ್ನೊಂದು ಜಾರ್ ಕೊಂಡು ತಂದರು.

ಹೀಗಿರುವಾಗ ಚಿಕ್ಕಮ್ಮನ ಕಾಲಿಗೆ ಹೊಸ ಚಪ್ಪಲಿ ಕಚ್ಚಿತು. ಸಕ್ಕರೆ ಕಾಯಿಲೆ ಬೇರೆ; ಗಾಯ ಮಾಯಲೇ ಇಲ್ಲ. ಕೊಟ್ಟ ಯಾವ ಔಷಧಿಗೂ ಈ ಕ್ರಿಮಿ ಜಗ್ಗುತ್ತಿಲ್ಲ, ಕಾಲು ಉಳಿಯುವುದೇ ಅನುಮಾನ ಎಂದರು ಡಾಕ್ಟರು. ನಾವೆಲ್ಲ ಚಿಕ್ಕಪ್ಪನ ಮೇಲೆ ಮುಗಿಬಿದ್ದೆವು. ಊರ ಎಲೆಯನ್ನೆಲ್ಲ ಅರೆದವರ ಹತ್ತಿರ ಇದಕ್ಕೊಂದು ಎಲೆ ಇಲ್ಲವೇ? ಚಿಕ್ಕಮ್ಮನೇ ಕಾಲು ಚಾಚಿದರು.

"ರೀ, ನಿಮ್ಮ ರಸಾನೇ ಹಚ್ಚಿ. ನನಗೆ ನಂಬಿಕೆ ಇದೆ."

"ನನಗಿಲ್ಲ ಕಣೇ. ಅದು ಗೆದ್ದಿರೋದು ತಟ್ಟೇಲಿ, ಅಷ್ಟೇ. ತಟ್ಟೆಗೆ ನೋವಾಗಲ್ಲ. ತಟ್ಟೆ ಸಾಯಲ್ಲ."

ನನಗೆ ಕೆಟ್ಟ ಸಿಟ್ಟು ಬಂತು. ಇಷ್ಟು ವರ್ಷ ಅರೆದದ್ದು ಯಾರಿಗಾಗಿ? ಚಿಕ್ಕಪ್ಪ ಆಟೋ ಕರೆದು ಚಿಕ್ಕಮ್ಮನನ್ನು ಆಸ್ಪತ್ರೆಗೆ ಸೇರಿಸಿದರು. ಕೊನೆಯದಾಗಿ ಉಳಿದಿದ್ದ ಒಂದು ಇಂಜೆಕ್ಷನ್ ಕಾಲನ್ನು ಉಳಿಸಿತು. ಕಾಲುಂಗುರದ ಬೆರಳು ಹೋಯಿತು.

ಗಾಯ ಪೂರ್ತಿ ಒಣಗಿದ ಮೇಲೆ ಒಂದು ದಿನ ಚಿಕ್ಕಪ್ಪ ಆ ಕಾಲುಂಗುರ ಹಿಡಿದು ಚಿಕ್ಕಮ್ಮನ ಕಾಲ ಬಳಿ ನೆಲದ ಮೇಲೆ ಕೂತರು.

"ಅವತ್ತು ನಿಮ್ಮ ರಸ ಹಚ್ಚಿದ್ರೆ ಬೆರಳು ಉಳೀತಿತ್ತಾ?" ಎಂದು ಚಿಕ್ಕಮ್ಮ ಕೇಳಿದರು.

'ಇಲ್ಲ' ಎಂದುಬಿಡಲಿ ದೇವರೇ ಎಂದುಕೊಂಡೆ. ಅಷ್ಟಂದರೆ ಇಬ್ಬರಿಗೂ ನೆಮ್ಮದಿ.

"ಗೊತ್ತಿಲ್ಲ ಕಣೇ," ಎಂದರು ಚಿಕ್ಕಪ್ಪ. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಚಿಕ್ಕಮ್ಮ ಅವರ ತಲೆಯ ಮೇಲೆ ಕೈಯಿಟ್ಟರು. "ಪಕ್ಕದ ಬೆರಳಿಗೆ ಹಾಕಿ. ಆಮೇಲೆ ಹೋಗಿ, ಗೊತ್ತು ಮಾಡ್ಕೊಂಡು ಬನ್ನಿ."