ಪಟ್ಟಿಯಲ್ಲಿಲ್ಲದ ಸೋಫಾ

ವೆಂಡೆಲ್ ಪ್ರೂಯಿಟ್ ಮಾಡಿದ ತಪ್ಪು ಇಷ್ಟೇ. ಕಳೆದ ಆಗಸ್ಟಿನಲ್ಲಿ ಹಾಸ್ಟೆಲಿನ 307ನೇ ಕೋಣೆಗೆ ಬಂದ ದಿನ, ಅಲ್ಲಿದ್ದ ಕಂದು ಸೋಫಾದ ಮೇಲೆ ಕಾಲು ಚಾಚಿ ಕೂತು, ಕೋಣೆಯ ಪಟ್ಟಿಗೆ ಓದದೆಯೇ ಸಹಿ ಹಾಕಿದ್ದ. ಪಟ್ಟಿಯಲ್ಲಿ ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಒಂದು ಬೀರು ಇದ್ದವು. ಸೋಫಾ ಇರಲಿಲ್ಲ.

ಈಗ ಮೇ ತಿಂಗಳು, ಬೇಸಿಗೆ ರಜೆಗೆ ಎಲ್ಲರೂ ಖಾಲಿ ಮಾಡಬೇಕಾದ ಕೊನೆಯ ದಿನ. ಬೆಳಿಗ್ಗೆ ಒಂಬತ್ತಕ್ಕೆ ಮಹಡಿಯ ಉಸ್ತುವಾರಿ ಗಾರ್ತ್ ಅದೇ ಪಟ್ಟಿ ಹಿಡಿದು ಬಂದ. ಅವನೂ ವಿದ್ಯಾರ್ಥಿಯೇ, ಕೊನೆಯ ವರ್ಷದವನು. ಆದರೆ ಪಟ್ಟಿ ಕೈಗೆ ಬಂತೆಂದರೆ ಅವನ ಮುಖ ಶವಪರೀಕ್ಷೆಗೆ ನಿಂತ ಡಾಕ್ಟರಂತಾಗುತ್ತಿತ್ತು. ಸೊಟ್ಟ ಉಗುರಿನ ತೋರುಬೆರಳನ್ನು ಸೋಫಾದ ಕಡೆ ಚಾಚಿದ.

"ಇದ್ಯಾರದು?"

"ನಾನು ಬಂದಾಗಲೇ ಇತ್ತು."

"ಪಟ್ಟೀಲಿಲ್ವಲ್ಲ. ಪಟ್ಟೀಲಿಲ್ಲ ಅಂದ್ರೆ ನೀನೇ ತಂದಿದ್ದು. ಹನ್ನೆರಡರೊಳಗೆ ಇದು ಇಲ್ಲಿರಬಾರ್ದು. ಇದ್ರೆ ನಾನು ಸಹಿ ಹಾಕಲ್ಲ."

ಆ ಸಹಿಯ ಮೇಲೆ ವೆಂಡೆಲ್‌ನ ಇಡೀ ಮುಂದಿನ ವರ್ಷ ನಿಂತಿತ್ತು. ಗಾರ್ತ್‌ನ ನಂತರದ ಉಸ್ತುವಾರಿ ಎಂದು ಅವನನ್ನು ಆರಿಸಿದ್ದರು. ಉಸ್ತುವಾರಿಗೆ ಕೋಣೆ, ಊಟ ಬಿಟ್ಟಿ. ಅಪ್ಪ ದುಡಿಯುತ್ತಿದ್ದ ಕಾಗದದ ಕಾರ್ಖಾನೆ ಚಳಿಗಾಲದಲ್ಲಿ ಮುಚ್ಚಿತ್ತು. ಬಿಟ್ಟಿ ಕೋಣೆ ಇಲ್ಲದಿದ್ದರೆ ಓದೂ ಇಲ್ಲ. ತನ್ನ ಒಂದು ಕೋಣೆಯನ್ನೇ ನೆಟ್ಟಗೆ ಬಿಟ್ಟುಕೊಡಲಾರದವನ ಕೈಗೆ ಯಾರೂ ಮಹಡಿ ಒಪ್ಪಿಸುವುದಿಲ್ಲ.

ಸೋಫಾ ಎತ್ತಲು ಇಬ್ಬರು ಸಾಕು, ಸಲಹೆ ಕೊಡಲು ಮಾತ್ರ ಇಡೀ ಮಹಡಿ ಬಂತು. ಎದುರು ಕೋಣೆಯ ಟೋಬಿಯಾಸ್ ಒಂದು ತುದಿ ಹಿಡಿದ. ಎಂಜಿನಿಯರಿಂಗ್ ಓದುವ ಮಾರಿಸೋಲ್ ಅಳತೆಪಟ್ಟಿ ತಂದು ಬಾಗಿಲನ್ನು ಎರಡೆರಡು ಸಲ ಅಳೆದಳು.

"ಇದು ಈ ಬಾಗಿಲಲ್ಲಿ ಹೋಗೋದಕ್ಕೆ ಸಾಧ್ಯನೇ ಇಲ್ಲ," ಎಂದಳು.

"ಹಂಗಾದ್ರೆ ಒಳಗೆ ಹೆಂಗೆ ಬಂತು? ಇಲ್ಲೇ ಹುಟ್ತಾ?" ಎಂದ ಟೋಬಿಯಾಸ್.

ಕೊನೆಗೆ ಬಾಗಿಲನ್ನೇ ಕಳಚಬೇಕಾಯಿತು. ಲಿಫ್ಟಿನ ಮುಂದೆ ಪುಟ್ಟ ಫ್ರಿಜ್ಜುಗಳನ್ನು ಮಗುವಿನಂತೆ ಅಪ್ಪಿಕೊಂಡ ಅಪ್ಪಂದಿರ ಸಾಲು ಇತ್ತು. ಮೂರು ಮಹಡಿ ಮೆಟ್ಟಿಲಲ್ಲೇ ಇಳಿಸಿದರು. ಸೋಫಾ ಪ್ರತಿ ತಿರುವಿನಲ್ಲೂ ತವರು ಬಿಡಲೊಲ್ಲದ ಮದುಮಗಳಂತೆ ಗೋಡೆ ಹಿಡಿದು ನಿಲ್ಲುತ್ತಿತ್ತು.

ಕೆಳಗೆ ಕಸದ ತೊಟ್ಟಿ ಕಾಯುವವನು, "ಪೀಠೋಪಕರಣ ಹಾಕಂಗಿಲ್ಲ," ಎಂದ. ಹಳೇ ಸಾಮಾನು ದಾನಕ್ಕೆ ಒಯ್ಯುವ ಗಾಡಿಯ ಹೆಂಗಸು ಸೋಫಾವನ್ನು ಮೂಸಿ ನೋಡಿ, "ದಾನ ಅಂದ್ರೂ ಒಂದು ಮರ್ಯಾದೆ ಇರುತ್ತೆ ಮಗಾ," ಎಂದಳು. ರಸ್ತೆಯಂಚಿಗೆ ಇಟ್ಟು ಜಾರಿಕೊಳ್ಳುವಷ್ಟರಲ್ಲಿ ಕಾವಲಿನವನು ಸೀಟಿ ಊದಿದ.

ಹನ್ನೊಂದೂವರೆಗೆ ಅಮ್ಮ ಲೋರ್ನಾ ತನ್ನ ಪುಟ್ಟ ಕಾರಿನಲ್ಲಿ ಬಂದಿಳಿದಳು. ಚರ್ಚಿನ ವಾರಪತ್ರಿಕೆಯಲ್ಲಿ ಮಗ ಉಸ್ತುವಾರಿಯಾದ ಸುದ್ದಿಯನ್ನು ಆಗಲೇ ಹಾಕಿಸಿದ್ದಳು.

"ಅಮ್ಮಾ, ಇದನ್ನ ಮನೆಗೆ ತಗೊಂಡು ಹೋಗೋಕಾಗುತ್ತಾ?"

"ಆಗುತ್ತೆ. ನಿನ್ನ ಇಲ್ಲೇ ಬಿಟ್ಟು ಹೋಗ್ತೀನಿ, ಕಾರಿನ ಮೇಲೆ ಇದನ್ನ ಕಟ್ಟು."

ಕಾವಲಿನವನು ಕಾಯುತ್ತಲೇ ಇದ್ದ. ಸೋಫಾ ಬಂದ ದಾರಿಯಲ್ಲೇ ಮೂರು ಮಹಡಿ ಹತ್ತಿತು.

ಮೇಲೆ ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷ. 312ರ ಬಾಗಿಲು ಅರ್ಧ ತೆರೆದಿತ್ತು, ಅದರ ಮೇಲೆ ಗಾರ್ತ್ ಅಂಟಿಸಿದ ಹಸಿರು ಚೀಟಿ: ನೋಡಿ ಆಗಿದೆ.

ಟೋಬಿಯಾಸ್ ದನಿ ತಗ್ಗಿಸಿದ. "ಇದರೊಳಗೆ ಇನ್ಯಾರೂ ಇಣುಕಲ್ಲ. ಆಗಸ್ಟಲ್ಲಿ ಬರೋನು ಖುಷಿಯಾಗಿ ಕೂತ್ಕೊಳ್ತಾನೆ."

"ಆಮೇಲೆ ಮೇ ತಿಂಗಳು ಬರುತ್ತಲ್ಲೋ ಅವನಿಗೆ."

"ನಿನ್ನ ಮೇ ತಿಂಗಳ ಬಗ್ಗೆ ಯಾರಾದ್ರೂ ಯೋಚನೆ ಮಾಡಿದ್ರಾ?"

ವೆಂಡೆಲ್ ಸೋಫಾದ ತುದಿ ಹಿಡಿದು ನಿಂತ. ಕಳೆದ ಮೇನಲ್ಲಿ ಯಾರೋ ಒಬ್ಬ ಹೀಗೆಯೇ, ಕೈ ಸೋತು, ಗಡಿಯಾರ ನೋಡುತ್ತ, 307ರ ಮುಂದೆ ನಿಂತಿರಬೇಕು. ವರ್ಷವಿಡೀ ಅವನನ್ನು ಒಳ್ಳೆಯವನೆಂದೇ ವೆಂಡೆಲ್ ಅಂದುಕೊಂಡಿದ್ದ. ಬೆಳಿಗ್ಗೆಯಿಂದ ಕಳ್ಳನೆಂದು ಬೈದಿದ್ದ. ಎರಡೂ ಆಗಿರಲಾರ, ಬರೀ ಸುಸ್ತಾದವನು. ಮುಂದಿನ ಹುಡುಗನ ಮುಖ ಕಲ್ಪಿಸಿಕೊಳ್ಳಲು ನೋಡಿದ, ಕಾಣಲಿಲ್ಲ. ಕಾಣದ್ದರಿಂದ ಕೆಲಸ ಸುಲಭವಾಯಿತು.

312ರ ಬಾಗಿಲನ್ನೂ ಕಳಚಿ, ಮತ್ತೆ ಕೂಡಿಸಬೇಕಾಯಿತು. 307ರ ಬಾಗಿಲ ಕೊನೆಯ ಸ್ಕ್ರೂ ತಿರುಗಿಸುವುದಕ್ಕೂ ಗಾರ್ತ್ ಬರುವುದಕ್ಕೂ ಸರಿಹೋಯಿತು.

ಗಾರ್ತ್ ಖಾಲಿ ನೆಲ ನೋಡಿದ. ಸೋಫಾ ಇದ್ದ ಜಾಗದಲ್ಲಿ ಮಾತ್ರ ನೆಲಹಾಸು ಹೊಸದರಂತೆ ಮಿಂಚುತ್ತಿತ್ತು. ಎಲ್ಲಿಗೆ ಹೋಯಿತೆಂದು ಕೇಳಲಿಲ್ಲ. ಸಹಿ ಹಾಕಿದ.

"ಇನ್ನೊಂದು ಕಾಗದ ಇದೆ," ಎಂದ. "ಉಸ್ತುವಾರಿ ಕೋಣೇಲಿ ಪೈಪ್ ಒಡೆದಿದೆ. ಮುಂದಿನ ವರ್ಷ ಅದರ ಬದಲು ನಿನಗೆ 312. ಬೆಳಿಗ್ಗೆ ನಾನೇ ನೋಡಿದೀನಿ. ಹೋಗಿ ನೋಡ್ತೀಯಾ, ಹಂಗೇ ಸಹಿ ಹಾಕ್ತೀಯಾ?"

ಟೋಬಿಯಾಸ್ ಕೆಮ್ಮುತ್ತ ತನ್ನ ಕೋಣೆಗೆ ಹೋಗಿಬಿಟ್ಟ.

ಈ ಸಲ ವೆಂಡೆಲ್ ಪಟ್ಟಿಯನ್ನು ಪೂರ್ತಿ ಓದಿದ. ಮಂಚ. ಮೇಜು. ಕುರ್ಚಿ. ಬೀರು. ಮತ್ತೊಮ್ಮೆ ಓದಿದ.

"ಏನಾದ್ರೂ ಸೇರಿಸಬೇಕಾ?" ಗಾರ್ತ್ ಕೇಳಿದ.

ಕೆಳಗೆ ಅಮ್ಮ ಕಾರಿನ ಹಾರ್ನ್ ಒತ್ತುತ್ತಿದ್ದಳು.

"ಇಲ್ಲ," ಎಂದು ವೆಂಡೆಲ್ ಸಹಿ ಹಾಕಿದ.

ಗಾರ್ತ್ ಕಾಗದ ಮಡಚಿ ಜೇಬಿಗಿಟ್ಟು ಎರಡು ಹೆಜ್ಜೆ ಹೋಗಿ ತಿರುಗಿದ.

"ಮುಂದಿನ ಸಲ ಬಲಗಡೆಯಿಂದ ಎತ್ತು. ಎಡಗಡೆ ಕಾಲು ಸಡಿಲ," ಎಂದು ಸೊಟ್ಟ ಉಗುರಿನ ಬೆರಳನ್ನು ಎತ್ತಿ ತೋರಿಸಿದ. "307ಕ್ಕೆ ಸಾಗಿಸೋವಾಗ ನಂದು ಜಜ್ಜಿಹೋಗಿತ್ತು."