ಮಾತಾಡದ ಗುರುವಿಗೆ ಮಾತು ಬರೆದವರು

ನನ್ನ ವಯಸ್ಸಿನವರು ಬಿಪಿ, ಮೊಣಕಾಲು, ಇನ್‌ಕ್ರಿಮೆಂಟುಗಳ ಬಗ್ಗೆ ಚಿಂತಿಸಬೇಕು. ನಾನೋ ಆರು ತಿಂಗಳಿಂದ ಜಪಾನಿನ ಒಬ್ಬ ಮುದುಕನ ಮರ್ಯಾದೆಯ ಬಗ್ಗೆ ಚಿಂತಿಸುತ್ತಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಇದಕ್ಕೆಲ್ಲ ಕಾರಣ ನನ್ನ ಮಗಳು ಸುಮಾ. ಇಲ್ಲೇ ಜಹೀರಾಬಾದಿನಲ್ಲಿ ಪಿಯುಸಿಗೆ ಸಮನಾದ ಇಂಟರ್ ಓದುತ್ತಾಳೆ. ಓದುತ್ತಾಳೆ ಎಂಬುದು ನನ್ನ ನಂಬಿಕೆ. ಪಠ್ಯಪುಸ್ತಕದೊಳಗೆ ಅಡಗಿಸಿಟ್ಟುಕೊಂಡು ಅವಳು ಓದುವುದು ಮಂಗಾ, ಅಂದರೆ ಜಪಾನಿನ ಚಿತ್ರಕತೆ. ಒಂದು ದಿನ ಅದನ್ನು ಜಪ್ತಿ ಮಾಡಿದೆ. ಜಪ್ತಿ ಮಾಡಿದ ಮೇಲೆ ಪರಿಶೀಲಿಸಬೇಕಲ್ಲ, ಅದನ್ನೂ ಮಾಡಿದೆ. ಪುಟ ತಿರುವಿದಂತೆ ಸತ್ತವರು ಎದ್ದು ಕೂರುತ್ತಿದ್ದರು, ಗಾಯಗಳು ತಾವಾಗಿಯೇ ಮಾಯುತ್ತಿದ್ದವು. ಜಪಾನಿನ ವೈದ್ಯರೇ ಅಂಥವರು ಎಂದುಕೊಂಡೆ. ಮೂರನೆಯ ದಿನ ಸುಮಾ ಕನಿಕರದಿಂದ, “ಅಪ್ಪಾ, ಅದು ಬಲಗಡಿಂದ ಎಡಕ್ಕ ಓದಬೇಕು, ನೀ ಕಡೀ ಪುಟದಿಂದ ಸುರು ಮಾಡೀದಿ” ಎಂದಳು. ಉರ್ದು ಶಾಲೆಯಲ್ಲಿ ಕಲಿತ ನಮ್ಮ ಮುತ್ಯಾ, ಅಂದರೆ ಅಜ್ಜ, ಇದ್ದಿದ್ದರೆ ಕೈಗೆ ಬಂದ ಕೂಡಲೇ ಸರಿಯಾಗಿ ತೆರೆಯುತ್ತಿದ್ದರು. ನಾಲ್ಕು ಭಾಷೆ ಬರುತ್ತದೆಂದು ಆಫೀಸಿನಲ್ಲಿ ಮೆರೆಯುವ ನಾನು ಕತೆಯನ್ನು ಹಿಂದುಮುಂದಾಗಿ ಓದಿದ್ದೆ.

ಆ ಕತೆಯಲ್ಲಿ ಕತ್ತಿ ಮಸೆಯುವ ಒಬ್ಬ ಮುದುಕ ಗುರು ಇದ್ದಾನೆ. ಶಿಷ್ಯೆ ಊರು ಬಿಟ್ಟು ಹೊರಟಾಗ ಅವನು ಪುಟಗಟ್ಟಲೆ ಕತ್ತಿ ಮಸೆಯುತ್ತಾನೆ, ಒಂದು ಮಾತಿಲ್ಲ. ಮಸೆದು ಮುಗಿದ ಕತ್ತಿಯನ್ನೇ ಇನ್ನೊಮ್ಮೆ ಮಸೆಯುತ್ತಾನೆ, ಅಷ್ಟೆ. ಅದೇ ಮುದುಕ ಅನಿಮೆ ಎಂಬ ಕಾರ್ಟೂನಾಗಿ ಪರದೆಗೆ ಬಂದದ್ದೇ ತಡ, ನಾಲಿಗೆ ಸಡಿಲಾಯಿತು. ಬೆಟ್ಟ ಹತ್ತಿ ಭಾಷಣ ಮಾಡುತ್ತಾನೆ, ಹಿಂದೆ ಪಿಟೀಲು ಅಳುತ್ತದೆ, ಮುಂದೆ ಅವನು ಅಳುತ್ತಾನೆ. ನನ್ನ ಹೆಂಡತಿ ನೋಡುವ ತೆಲುಗು ಧಾರಾವಾಹಿಯ ಅತ್ತೆಯರೇ ವಾಸಿ, ಜಾಹೀರಾತು ಬಂದಾಗಲಾದರೂ ಬಾಯಿ ಮುಚ್ಚುತ್ತಾರೆ.

“ಮುದುಕನ್ನ ಪೂರಾ ಕೆಡಿಸ್ಯಾರಪ್ಪಾ!” ಎಂದು ಸುಮಾ ಹಲ್ಲು ಕಡಿದಳು. ಒಂದು ಮಾತು ಹೆಚ್ಚಾದರೂ ಅವಳು ಕ್ಷಮಿಸುವವಳಲ್ಲ.

“ಖರೇ ಗಂಡಸು ಹೆಚ್ಚಿಗಿ ಮಾತಾಡಲ್ಲವ್ವಾ, ನನ್ನ ಹಂಗ” ಎಂದೆ.

ಅಡುಗೆಮನೆಯಿಂದ ಹೆಂಡತಿ, “ಯಾವಾಗಿನಿಂದ್ರಿ?” ಎಂದು ಕೇಳಿದಳು.

ಹೀಗಿರುವಾಗ ಸುಮಾ ಹೈದರಾಬಾದಿಗೆ ಹೋಗಿ ಚಿತ್ರಕಲೆ ಕಲಿಯುತ್ತೇನೆಂದು ಹಟ ಹಿಡಿದಳು. ನಮ್ಮ ಮನೆತನದಲ್ಲಿ ಇಂಥದ್ದಕ್ಕೆಲ್ಲ ತಾಂಡೂರಿನ ಅಣ್ಣನ ಒಪ್ಪಿಗೆ ಬೇಕು. ಅವನದು ಅಲ್ಲಿ ಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿ. ಅವನೆದುರು ತಮ್ಮಂದಿರಾದ ನಾವು ನಾವಾಗಿಯೇ ಮಾತು ತೆಗೆಯುವ ಪದ್ಧತಿಯೂ ಇಲ್ಲ. “ಪದ್ಧತಿ ಹಾಳಾಗಿ ಹೋಗ್ಲಿ, ಅಣ್ಣನ ಮಾರಿ ಮ್ಯಾಲೇ ಹೇಳ್ತೀನಿ!” ಎಂದು ನಾನು ವಾರವಿಡೀ ಮನೆಯಲ್ಲಿ ಗುಡುಗಿದೆ.

ಭಾನುವಾರ ನಾನೂ ಸುಮಾಳೂ ತಾಂಡೂರಿಗೆ ಹೋದೆವು. ಅಣ್ಣ ಪಕ್ಕದಲ್ಲಿ ಊಟಕ್ಕೆ ಕೂರಿಸಿಕೊಂಡು ಮಳೆ ಕೇಳಿದ, ಹೇಳಿದೆ. ಮೊಣಕಾಲು ಕೇಳಿದ, ಹೇಳಿದೆ. ಮಗಳ ಓದು ಕೇಳಲಿಲ್ಲ, ಹೇಳಲಿಲ್ಲ. ಎದುರು ಕೂತ ಸುಮಾ ನನ್ನನ್ನು ನೋಡಿದಳು. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಮತ್ತೆ ನೋಡಿದಳು, ಪುಂಡಿಪಲ್ಯ ಕೇಳಿದೆ. ಕೊನೆಗೆ ಅವಳೇ, “ದೊಡ್ಡಪ್ಪಾ, ನಾ ಚಿತ್ರಾ ಬರೆಯಾದು ಕಲಿಯಾಕ ಹೈದರಾಬಾದಿಗಿ ಹೋಗ್ತೀನಿ” ಎಂದಳು. ನಾನು ಉಪ್ಪಿನಕಾಯಿಯನ್ನು ಗಮನವಿಟ್ಟು ನೋಡತೊಡಗಿದೆ.

“ಹೋಗವ್ವಾ, ಛಲೋ ಆತು” ಎಂದ ಅಣ್ಣ. “ನಮ್ಮ ಫ್ಯಾಕ್ಟರಿಯಾಗ ಕಲ್ಲಿನ ಮ್ಯಾಲೆ ನೆಟ್ಟಗ ಒಂದು ಹೂ ಬರೆಯಾವ್ರಿಲ್ಲ. ಇಷ್ಟು ಕೇಳಾಕ ಇಲ್ಲೀತನಕ ಬಂದ್ರೇನು? ನಿಮ್ಮಪ್ಪನ ಹಂತ್ಯಾಕ ಫೋನಿಲ್ಲೇನು?”

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ, “ಏನಾತ್ರಿ?” ಎಂದಳು. ಎಲ್ಲಿಂದ ಬಂತೋ ಕಾಣೆ, ಚಪ್ಪಲಿಯನ್ನೂ ಬಿಡದೆ ಶುರು ಮಾಡಿದೆ. “ಅಣ್ಣಾ, ಕಾಲ ಬದಲಾಗ್ಯಾದ ಅಂದೆ. ನನ್ನ ಮಗಳಿಗಿ ಯಾರು ಅಡ್ಡ ಬಂದ್ರೂ ಸುಮ್ಮನಿರಲ್ಲ ಅಂದೆ!” ಹಿಂದೆ ಪಿಟೀಲೊಂದು ಇರಲಿಲ್ಲ, ಅಷ್ಟೆ.

ಹೆಂಡತಿ ನಂಬಲಾರದೆ ಮಗಳ ಕಡೆ ತಿರುಗಿದಳು. “ಖರೇನೇನ?”

ನಾನು ಬಗ್ಗಿ ಚಪ್ಪಲಿ ಬಿಚ್ಚತೊಡಗಿದೆ. ಸುಮಾ ನನ್ನನ್ನು ಒಂದು ಕ್ಷಣ ನೋಡಿದಳು.

“ಹೂನವ್ವಾ, ಹಂಗೇ ಅಂದ. ಅಪ್ಪ ಮಾತಾಡಿದ್ದಕ್ಕೇ ದೊಡ್ಡಪ್ಪ ಒಪ್ಪ್ಯಾನ.”

ಅವತ್ತು ಹೆಂಡತಿ ಹೆಮ್ಮೆಯಿಂದ ನನ್ನ ತಟ್ಟೆಗೆ ತುಪ್ಪ ಹೆಚ್ಚಾಗಿಯೇ ಸುರಿದಳು. ನಾನು ತಲೆ ಎತ್ತದೆ ಉಂಡೆ.